ಮನಸ್ಸಿನ ಮಾತಿಗೆ ಸಾಕ್ಷಿ ಏನು?



ಪರೀಕ್ಷೆ ಹತ್ತಿರ ಬಂದಾಗ ನೀವು ಹೇಗೆ ಓದುತ್ತೀರಿ? ಬಹುಮಂದಿ ಓದುವ ಕ್ರಮ ಒಂದೇ. ಪಾಠವನ್ನು ಒಮ್ಮೆ ಓದುವುದು, ಮುಖ್ಯವೆನಿಸಿದ ಸಾಲುಗಳ ಕೆಳಗೆ ಗೆರೆ ಎಳೆಯುವುದು, ಮತ್ತೆ ಓದುವುದು, ಮಗದೊಮ್ಮೆ ಓದುವುದು. ಮೂರನೆಯ ಸಲ ಓದುವಾಗ ಪಾಠ ಸಲೀಸಾಗಿ ಸಾಗುತ್ತದೆ. 'ಇನ್ನು ಪರವಾಗಿಲ್ಲ, ಬಂತು' ಎಂದು ಮನಸ್ಸು ಹೇಳುತ್ತದೆ. ಪುಸ್ತಕ ಮುಚ್ಚಿ ಮಲಗುತ್ತೀರಿ. ವಾರ ಕಳೆದು ಪ್ರಶ್ನೆಪತ್ರಿಕೆ ಕೈಗೆ ಬಂದಾಗ, ಆ ಉತ್ತರ ಪುಸ್ತಕದ ಎಡಪುಟದಲ್ಲಿತ್ತು, ಪಕ್ಕದಲ್ಲಿ ಒಂದು ಚಿತ್ರವಿತ್ತು ಎಂಬುದೆಲ್ಲ ನೆನಪಾಗುತ್ತದೆ. ಉತ್ತರ ಮಾತ್ರ ನೆನಪಾಗುವುದಿಲ್ಲ.

ಹಾಗಾದರೆ ಅಂದು 'ಬಂತು' ಎಂದು ಹೇಳಿದ ಮನಸ್ಸು ಸುಳ್ಳು ಹೇಳಿತೇ? ಮನಸ್ಸು ತನ್ನ ಬಗ್ಗೆ ತಾನೇ ಹೇಳುವ ಮಾತನ್ನು ನಾವು ಎಷ್ಟರ ಮಟ್ಟಿಗೆ ನಂಬಬಹುದು? ನಂಬಬಾರದೆಂದಾದರೆ ಬೇರೆ ಯಾವ ಸಾಕ್ಷಿಯನ್ನು ಕೇಳಬೇಕು? ಮನಶ್ಶಾಸ್ತ್ರ ಎಂಬ ವಿಜ್ಞಾನ ಹುಟ್ಟಿದ್ದು, ಬೆಳೆದದ್ದು ಈ ಪ್ರಶ್ನೆಯ ಸುತ್ತಲೇ ಎಂದರೆ ತಪ್ಪಾಗಲಾರದು. ಅದರ ಮೂಲ ಸಿದ್ಧಾಂತಗಳು ಯಾವುವು, ಅದು ತನ್ನ ಮಾತನ್ನು ಪರೀಕ್ಷಿಸಿಕೊಳ್ಳುವ ವಿಧಾನಗಳು ಯಾವುವು ಎಂಬುದನ್ನು ಇಂದು ಪರಿಚಯ ಮಾಡಿಕೊಳ್ಳೋಣ. ಪರೀಕ್ಷೆಗೆ ಓದುವ ಬಗೆಯ ಕುರಿತು ಒಂದು ಖಚಿತವಾದ ಉತ್ತರವೂ ದಾರಿಯಲ್ಲಿ ನಮಗೆ ಸಿಕ್ಕುತ್ತದೆ.

ಮನಸ್ಸಿನ ಬಗ್ಗೆ ಯೋಚಿಸುವುದು ಹೊಸದೇನಲ್ಲ. ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕು ಪ್ರಮಾಣಗಳನ್ನು ನಮ್ಮ ನ್ಯಾಯದರ್ಶನ ಬಹು ಹಿಂದೆಯೇ ಹೆಸರಿಸಿ, ಒಂದು ತಿಳಿವಳಿಕೆ ಸರಿಯೆಂದು ಹೇಳಲು ಆಧಾರವೇನು ಎಂದು ಚರ್ಚಿಸಿತು. ಗ್ರೀಸಿನ ಅರಿಸ್ಟಾಟಲ್ ನೆನಪಿನ ಬಗ್ಗೆ ಬರೆದ. ಆದರೆ ಮನಸ್ಸನ್ನು ಪ್ರಯೋಗಶಾಲೆಯಲ್ಲಿ ಅಳೆಯಬಹುದು ಎಂಬ ಧೈರ್ಯ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1850ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬ ವಿಜ್ಞಾನಿ ಕಪ್ಪೆಯ ನರದಲ್ಲಿ ಸಂದೇಶ ಹರಿಯುವ ವೇಗವನ್ನು ಅಳೆದ. ಅದು ಮಿಂಚಿನ ವೇಗವಿರಬೇಕೆಂದು ಅಂದಿನವರು ಭಾವಿಸಿದ್ದರು. ಅವನಿಗೆ ಸಿಕ್ಕಿದ್ದು ಸೆಕೆಂಡಿಗೆ ಸುಮಾರು 30 ಮೀಟರ್ ಮಾತ್ರ. ಅಂದರೆ, ಕಾಲಿಗೆ ಮುಳ್ಳು ಚುಚ್ಚಿದ ಸುದ್ದಿ ಮಿದುಳಿಗೆ ತಲುಪಲು ಕಾಲ ಬೇಕು. ಕಾಲ ಬೇಕೆಂದ ಮೇಲೆ ಅದನ್ನು ಗಡಿಯಾರದಿಂದ ಅಳೆಯಬಹುದಲ್ಲವೇ?

ಈ ಎಳೆಯನ್ನು ಹಿಡಿದು ವಿಲ್ಹೆಲ್ಮ್ ವುಂಟ್ 1879ರಲ್ಲಿ ಲೈಪ್‌ಜಿಗ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ಪ್ರಯೋಗಶಾಲೆಯನ್ನು ತೆರೆದ. ಈ ವರ್ಷವನ್ನೇ ಆಧುನಿಕ ಮನಶ್ಶಾಸ್ತ್ರದ ಹುಟ್ಟಿನ ವರ್ಷವೆಂದು ಪಠ್ಯಪುಸ್ತಕಗಳು ಗುರುತಿಸುತ್ತವೆ. ಅಲ್ಲಿ ದೀಪ ಬೆಳಗಿದೊಡನೆ ಗುಂಡಿ ಒತ್ತಲು ಎಷ್ಟು ಕಾಲ ಹಿಡಿಯುತ್ತದೆ ಎಂದು ಅಳೆಯುತ್ತಿದ್ದರು. ಜೊತೆಗೆ ಇನ್ನೊಂದು ವಿಧಾನವಿತ್ತು. ತರಬೇತಿ ಪಡೆದ ವ್ಯಕ್ತಿಗೆ ಒಂದು ಧ್ವನಿ ಕೇಳಿಸಿ, ಅಥವಾ ಒಂದು ಬಣ್ಣ ತೋರಿಸಿ, ಆಗ ತನ್ನೊಳಗೆ ಆದ ಅನುಭವವನ್ನು ವರ್ಣಿಸುವಂತೆ ಕೇಳುವುದು. ಇದೇ ಅಂತರವಲೋಕನ, ಅಂದರೆ ತನ್ನೊಳಗೆ ತಾನೇ ನೋಡಿಕೊಳ್ಳುವುದು. ವುಂಟನ ಶಿಷ್ಯ ಟಿಚೆನರ್ ಅಮೆರಿಕಕ್ಕೆ ಹೋಗಿ, ಅನುಭವವನ್ನು ಅದರ ಮೂಲ ಘಟಕಗಳಾಗಿ ಬಿಡಿಸುವ ಈ ಮಾರ್ಗಕ್ಕೆ ರಚನಾವಾದ ಎಂಬ ಹೆಸರು ಕೊಟ್ಟ.

ಇಲ್ಲಿಯೇ ತೊಡಕು ಕಾಣಿಸಿಕೊಂಡಿತು. ಆಲೋಚಿಸುವಾಗ ಮನಸ್ಸಿನಲ್ಲಿ ಯಾವುದಾದರೂ ಚಿತ್ರ ಇದ್ದೇ ಇರುತ್ತದೆ ಎಂದು ಟಿಚೆನರನ ಪ್ರಯೋಗಶಾಲೆ ಹೇಳಿತು. ಚಿತ್ರವೇ ಇಲ್ಲದ ಆಲೋಚನೆಯೂ ಉಂಟು ಎಂದು ಜರ್ಮನಿಯ ವುರ್ಟ್ಸ್‌ಬುರ್ಗ್‌ನವರು ಹೇಳಿದರು. ಇಬ್ಬರೂ ನೋಡಿಕೊಂಡದ್ದು ತಮ್ಮ ತಮ್ಮ ಮನಸ್ಸಿನ ಒಳಗೆ. ಒಬ್ಬರ ಮನಸ್ಸಿನೊಳಗೆ ಇನ್ನೊಬ್ಬರು ಇಣುಕಿ ನೋಡುವಂತಿಲ್ಲ. ಹೀಗಿರುವಾಗ ನ್ಯಾಯ ಹೇಳುವವರು ಯಾರು? ಈ ಜಗಳ ಬಗೆಹರಿಯಲೇ ಇಲ್ಲ. ಸಾಕ್ಷಿ ಎಲ್ಲರ ಕಣ್ಣಿಗೂ ಬೀಳುವಂತಿರಬೇಕು ಎಂಬ ಪಾಠವನ್ನು ಮನಶ್ಶಾಸ್ತ್ರ ಕಲಿತದ್ದು ಈ ಸೋಲಿನಿಂದ.

ಮುಂದೆ ಬೇರೆ ಬೇರೆ ಪಂಥಗಳು ಬಂದವು. ಅಮೆರಿಕದ ವಿಲಿಯಂ ಜೇಮ್ಸ್ 1890ರಲ್ಲಿ ಪ್ರಕಟಿಸಿದ ತನ್ನ ದೊಡ್ಡ ಗ್ರಂಥದಲ್ಲಿ, ಮನಸ್ಸು ಯಾವುದರಿಂದ ಆಗಿದೆ ಎಂಬುದಕ್ಕಿಂತ ಅದು ಬದುಕಿಗೆ ಏನು ಉಪಕಾರ ಮಾಡುತ್ತದೆ ಎಂದು ವಿಚಾರಿಸಿದ. ಕ್ರಿಯಾವಾದ ಬೆಳೆದದ್ದು ಈ ದಾರಿಯಲ್ಲಿ. ವಿಯೆನ್ನಾದ ವೈದ್ಯ ಸಿಗ್ಮಂಡ್ ಫ್ರಾಯ್ಡ್, ನಮ್ಮ ಅರಿವಿಗೆ ಬಾರದ ಆಸೆ ಭಯಗಳು ನಮ್ಮನ್ನು ನಡೆಸುತ್ತವೆ ಎಂದು ಹೇಳಿ ಮನೋವಿಶ್ಲೇಷಣೆಯನ್ನು ರೂಪಿಸಿದ. ಜರ್ಮನಿಯ ಮ್ಯಾಕ್ಸ್ ವರ್ಟ್‌ಹೈಮರ್ 1912ರಲ್ಲಿ ಒಂದು ಕುತೂಹಲದ ಸಂಗತಿಯನ್ನು ಪ್ರಕಟಿಸಿದ. ಅಕ್ಕಪಕ್ಕದ ಎರಡು ಗೆರೆಗಳನ್ನು ತಕ್ಕ ಅಂತರದಲ್ಲಿ ಒಂದಾದ ಮೇಲೊಂದು ಬೆಳಗಿಸಿದರೆ, ನೋಡುವವರಿಗೆ ಎರಡು ಗೆರೆ ಕಾಣುವುದಿಲ್ಲ. ಒಂದೇ ಗೆರೆ ಚಲಿಸಿದಂತೆ ಕಾಣುತ್ತದೆ! ನೀವು ದೂರದರ್ಶನದಲ್ಲಿ ನೋಡುವ ಓಟ, ಕುಣಿತ ಎಲ್ಲವೂ ಇಂಥದ್ದೇ. ಪರದೆಯ ಮೇಲೆ ಸೆಕೆಂಡಿಗೆ 25 ಸ್ಥಿರಚಿತ್ರಗಳು ಬಂದು ಹೋಗುತ್ತವೆ. ಚಲನೆಯನ್ನು ಕೂಡಿಸಿಕೊಳ್ಳುವುದು ನಿಮ್ಮ ಮನಸ್ಸು. ಬಿಡಿಭಾಗಗಳಲ್ಲಿ ಇಲ್ಲದ್ದು ಇಡಿಯಲ್ಲಿ ಇರುತ್ತದೆ ಎಂಬ ಈ ವಾದಕ್ಕೆ ಗೆಸ್ಟಾಲ್ಟ್ ಪಂಥ ಎಂದು ಹೆಸರಾಯಿತು.

ಇನ್ನು ವರ್ತನಾವಾದ. ರಷ್ಯಾದ ಇವಾನ್ ಪಾವ್ಲೋವ್‌ಗೆ 1904ರಲ್ಲಿ ನೊಬೆಲ್ ಪ್ರಶಸ್ತಿ ಬಂದದ್ದು ಜೀರ್ಣಕ್ರಿಯೆಯ ಸಂಶೋಧನೆಗೆ. ನಾಯಿಗೆ ಆಹಾರ ಕೊಡುವ ಮುನ್ನ ಪ್ರತಿ ಸಲ ಒಂದು ನಿರ್ದಿಷ್ಟ ಸದ್ದು ಮಾಡಿದರೆ, ಕೊನೆಗೆ ಆಹಾರವಿಲ್ಲದೆಯೂ ಆ ಸದ್ದಿಗೇ ಅದರ ಬಾಯಲ್ಲಿ ಜೊಲ್ಲು ಸುರಿಯುತ್ತದೆ ಎಂಬುದನ್ನು ಅವನು ಹನಿಗಳನ್ನು ಎಣಿಸಿ ತೋರಿಸಿದ. ಜೊಲ್ಲಿನ ಹನಿಯನ್ನು ಯಾರು ಬೇಕಾದರೂ ಎಣಿಸಬಹುದು! 1913ರಲ್ಲಿ ಅಮೆರಿಕದ ಜಾನ್ ವಾಟ್ಸನ್, ಮನಶ್ಶಾಸ್ತ್ರ ವಿಜ್ಞಾನವಾಗಬೇಕಾದರೆ ಒಳಗಣ ಮಾತನ್ನು ಬಿಟ್ಟು ಹೊರಗಣ ವರ್ತನೆಯನ್ನು ಮಾತ್ರ ಅಧ್ಯಯನ ಮಾಡಬೇಕೆಂದು ಸಾರಿದ. ಬಿ. ಎಫ್. ಸ್ಕಿನ್ನರ್ ಇದನ್ನು ಮುಂದುವರಿಸಿ, ಒಂದು ವರ್ತನೆಗೆ ಸಿಕ್ಕುವ ಫಲವೇ ಆ ವರ್ತನೆಯನ್ನು ಬೆಳೆಸುತ್ತದೆ ಅಥವಾ ಅಳಿಸುತ್ತದೆ ಎಂದು ತೋರಿಸಿದ. ಆದರೆ ಮನುಷ್ಯನ ಭಾಷೆ, ನೆನಪು, ಯೋಜನೆ ಇವನ್ನೆಲ್ಲ ಹೊರಗಿನಿಂದಷ್ಟೇ ವಿವರಿಸಲು ಸಾಧ್ಯವಾಗಲಿಲ್ಲ. 1950ರ ದಶಕದ ನಡುವಿನಿಂದ ಮತ್ತೆ ಒಳಗಿನ ಕ್ರಿಯೆಗಳತ್ತ ಗಮನ ಹರಿಯಿತು. ಇದನ್ನು ಸಂಜ್ಞಾನಾತ್ಮಕ ಮನಶ್ಶಾಸ್ತ್ರ ಎನ್ನುತ್ತೇವೆ. ಈ ಬಾರಿ ಒಳಗನ್ನು ತಿಳಿಯಲು ಬಳಸಿದ ಸಾಧನ ಬೇರೆ: ಎಷ್ಟು ನೆನಪಿತ್ತು, ಎಲ್ಲಿ ತಪ್ಪಾಯಿತು, ಎಷ್ಟು ಕಾಲ ಹಿಡಿಯಿತು ಎಂಬ ಲೆಕ್ಕ.

ಇಷ್ಟೊಂದು ಪಂಥಗಳಲ್ಲಿ ಯಾವುದು ಸರಿ ಎಂದು ನೀವು ಕೇಳಬಹುದು. ಒಂದು ಉದಾಹರಣೆ ತೆಗೆದುಕೊಳ್ಳೋಣ. ಗಣಿತವೆಂದರೆ ನಡುಗುವ ಎಂಟನೆಯ ತರಗತಿಯ ಒಬ್ಬ ಬಾಲಕಿ ಇದ್ದಾಳೆಂದುಕೊಳ್ಳಿ. ಲೆಕ್ಕ ತಪ್ಪಿದಾಗಲೆಲ್ಲ ತರಗತಿ ನಕ್ಕಿತ್ತು, ಅದಕ್ಕೇ ಲೆಕ್ಕದ ಪುಸ್ತಕ ಕಂಡರೇ ಭಯ ಎಂದು ವರ್ತನಾವಾದಿ ಹೇಳುತ್ತಾನೆ. 'ನನಗೆ ಗಣಿತ ಬರುವುದೇ ಇಲ್ಲ' ಎಂಬ ಅವಳ ನಂಬಿಕೆ ಲೆಕ್ಕದತ್ತ ಹೋಗಬೇಕಾದ ಗಮನವನ್ನು ಕದಿಯುತ್ತಿದೆ ಎಂದು ಸಂಜ್ಞಾನವಾದಿ ಹೇಳುತ್ತಾನೆ. ಬಾಲ್ಯದ ಯಾವುದೋ ಕಹಿ ಅರಿವಿನ ಆಳದಲ್ಲಿ ಹುದುಗಿದೆ ಎಂದು ಮನೋವಿಶ್ಲೇಷಕ ಹೇಳುತ್ತಾನೆ. ಮೂರೂ ಮಾತು ಕೇಳಲು ಚೆನ್ನಾಗಿಯೇ ಇವೆ. ಕೇಳಲು ಚೆನ್ನಾಗಿರುವುದು ನಿಜವೆಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ಸಿದ್ಧಾಂತದ ಕೆಲಸ ಒಂದು ಪ್ರಾಕ್ಕಲ್ಪನೆಯನ್ನು, ಎಂದರೆ ತಪ್ಪಾಗಿದ್ದರೆ ತಪ್ಪೆಂದು ತೋರಿಸಬಹುದಾದ ಒಂದು ಊಹೆಯನ್ನು ಕೊಡುವುದು. ವರ್ತನಾವಾದಿಯ ಮಾತು ನಿಜವಾದರೆ, ನಗುವವರಿಲ್ಲದ ಕಡೆ ಸುಲಭದ ಲೆಕ್ಕಗಳಿಂದ ಆರಂಭಿಸಿ ಗೆಲುವಿನ ರುಚಿ ಹತ್ತಿಸಿದಾಗ ಅವಳ ಭಯ ಇಳಿಯಬೇಕು. ಇಳಿಯಿತೇ ಇಲ್ಲವೇ ಎಂದು ನೋಡಬಹುದು. ಯಾವ ಫಲಿತಾಂಶ ಬಂದರೂ 'ನಾನು ಹೇಳಿದ್ದೇ ಸರಿ' ಎನ್ನಬಲ್ಲ ಸಿದ್ಧಾಂತ ಏನನ್ನೂ ಹೇಳಿದಂತಾಗಲಿಲ್ಲ. ಫ್ರಾಯ್ಡನ ಹಲವು ವಿಚಾರಗಳ ಮೇಲೆ ಬಂದ ಮುಖ್ಯ ಆಕ್ಷೇಪವೂ ಇದೇ.

ಹೀಗೆ ನೋಡುವುದಕ್ಕೂ ಒಂದು ಶಿಸ್ತು ಬೇಕು. ಬರ್ಲಿನ್ ನಗರದ ಒಂದು ಕುದುರೆಯ ಕಥೆ ಇದನ್ನು ಚೆನ್ನಾಗಿ ಕಲಿಸುತ್ತದೆ. ಫಾನ್ ಓಸ್ಟೆನ್ ಎಂಬ ನಿವೃತ್ತ ಉಪಾಧ್ಯಾಯ ತನ್ನ ಹಾನ್ಸ್ ಎಂಬ ಕುದುರೆಗೆ ಲೆಕ್ಕ ಕಲಿಸಿದ್ದ. ಮೂರೂ ಎರಡೂ ಎಷ್ಟು ಎಂದರೆ ಹಾನ್ಸ್ ಐದು ಸಲ ಗೊರಸು ಕುಟ್ಟಿ ನಿಲ್ಲಿಸುತ್ತಿತ್ತು. 1904ರಲ್ಲಿ ಪರಿಶೀಲನೆಗೆಂದು ತಜ್ಞರ ಮಂಡಲಿಯೊಂದು ಕೂಡಿತು. ಮೋಸವೇನೂ ಇಲ್ಲ ಎಂದಿತು. ಯಜಮಾನ ಇಲ್ಲದಿದ್ದಾಗ ಬೇರೆಯವರು ಕೇಳಿದರೂ ಕುದುರೆ ಸರಿಯಾಗಿ ಹೇಳುತ್ತಿತ್ತು. ಆಮೇಲೆ ಆಸ್ಕರ್ ಫಂಗ್ಸ್ಟ್ ಎಂಬ ಯುವಕ ಪರೀಕ್ಷೆಗೆ ಇಳಿದ. ಅವನು ಮಾಡಿದ ಬದಲಾವಣೆ ಬಹಳ ಸರಳ. ಕೆಲವು ಸಲ ಪ್ರಶ್ನೆ ಕೇಳುವವರಿಗೆ ಉತ್ತರ ಗೊತ್ತಿರುವಂತೆ, ಕೆಲವು ಸಲ ಅವರಿಗೇ ಗೊತ್ತಿಲ್ಲದಂತೆ ಏರ್ಪಾಡು ಮಾಡಿದ. ಕೇಳುವವರಿಗೆ ಗೊತ್ತಿಲ್ಲದಿದ್ದಾಗ ಕುದುರೆಗೂ ಗೊತ್ತಿರಲಿಲ್ಲ! ಕಣ್ಣುಪಟ್ಟಿ ಕಟ್ಟಿ ಕೇಳುವವರು ಕಾಣದಂತೆ ಮಾಡಿದಾಗಲೂ ಅದು ಸೋತಿತು. ನಿಜ ಇಷ್ಟು: ಗೊರಸಿನ ಎಣಿಕೆ ಸರಿಯಾದ ಸಂಖ್ಯೆ ಮುಟ್ಟಿದ ಕ್ಷಣ ಕೇಳುವವರ ತಲೆ ತಮಗೇ ತಿಳಿಯದಂತೆ ಎಳ್ಳಷ್ಟು ಅಲುಗುತ್ತಿತ್ತು. ಹಾನ್ಸ್ ಅದನ್ನು ನೋಡಿ ಕುಟ್ಟುವುದನ್ನು ನಿಲ್ಲಿಸುತ್ತಿತ್ತು. ಇಲ್ಲಿ ಯಾರೂ ಮೋಸಗಾರರಲ್ಲ. ಆದರೂ ಎಲ್ಲರೂ ಮೋಸ ಹೋಗಿದ್ದರು.

ಈ ಕಥೆ ನೆನಪಿಸುವ ನಿಯಮ ಇಂದಿಗೂ ಇದೆ. ಹೊಸ ಔಷಧ ಪರೀಕ್ಷಿಸುವಾಗ ಯಾರಿಗೆ ಔಷಧ, ಯಾರಿಗೆ ಬರಿಯ ಸಕ್ಕರೆ ಗುಳಿಗೆ ಎಂಬುದು ರೋಗಿಗೂ ತಿಳಿದಿರಬಾರದು, ಅಳೆಯುವ ವೈದ್ಯರಿಗೂ ತಿಳಿದಿರಬಾರದು. ಸಂಶೋಧಕನ ನಿರೀಕ್ಷೆ ಫಲಿತಾಂಶದೊಳಗೆ ನುಸುಳದಂತೆ ಹಾಕಿದ ಬೇಲಿ ಇದು.

ಮನಶ್ಶಾಸ್ತ್ರಜ್ಞರು ಬಳಸುವ ಮುಖ್ಯ ವಿಧಾನಗಳನ್ನು ಈಗ ಒಂದೊಂದಾಗಿ ನೋಡೋಣ. ಮೊದಲನೆಯದು ಅವಲೋಕನ. ಮಕ್ಕಳು ಆಟದ ಬಯಲಿನಲ್ಲಿ ಹೇಗೆ ಜಗಳವಾಡುತ್ತಾರೆ, ಹೇಗೆ ರಾಜಿಯಾಗುತ್ತಾರೆ ಎಂಬುದನ್ನು ದೂರದಲ್ಲಿ ನಿಂತು ಬರೆದುಕೊಳ್ಳುವುದು ಅವಲೋಕನ. ಸಹಜ ವರ್ತನೆ ಸಿಕ್ಕುವುದು ಇದರಲ್ಲೇ. ಆದರೆ ಯಾವುದರಿಂದ ಯಾವುದಾಯಿತು ಎಂದು ಇದರಿಂದ ಹೇಳಲಾಗದು.

ಎರಡನೆಯದು ವ್ಯಕ್ತಿ ಅಧ್ಯಯನ. ಒಬ್ಬರನ್ನೇ ಆಳವಾಗಿ, ದೀರ್ಘಕಾಲ ಅಭ್ಯಾಸ ಮಾಡುವುದು. ಅಮೆರಿಕದ ಹೆನ್ರಿ ಮೊಲೈಸನ್ ಎಂಬುವರಿಗೆ 1953ರಲ್ಲಿ, ತೀವ್ರವಾದ ಮೂರ್ಛೆರೋಗದ ಚಿಕಿತ್ಸೆಗಾಗಿ ಮಿದುಳಿನ ಒಳಭಾಗದ ಕೆಲವು ಅಂಶಗಳನ್ನು ಎರಡೂ ಕಡೆ ತೆಗೆದುಹಾಕಲಾಯಿತು. ಮೂರ್ಛೆ ಕಡಿಮೆಯಾಯಿತು. ಆದರೆ ಅಂದಿನಿಂದ ಅವರಿಗೆ ಹೊಸ ಸಂಗತಿ ಯಾವುದೂ ನೆನಪಿನಲ್ಲಿ ಉಳಿಯಲಿಲ್ಲ. ಬ್ರೆಂಡಾ ಮಿಲ್ನರ್ ಎಂಬ ಮನಶ್ಶಾಸ್ತ್ರಜ್ಞೆ, ಕನ್ನಡಿಯಲ್ಲಿ ಕಾಣುವ ಪ್ರತಿಬಿಂಬವನ್ನು ನೋಡಿಕೊಂಡು ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಓಡಿಸುವ ಕೆಲಸವನ್ನು ಅವರಿಗೆ ಕೊಟ್ಟರು. ದಿನದಿಂದ ದಿನಕ್ಕೆ ಅವರ ಕೈ ಪಳಗಿತು. ಆದರೆ ಹಿಂದಿನ ದಿನ ತಾವು ಆ ಕೆಲಸ ಮಾಡಿದ್ದೇ ಅವರಿಗೆ ನೆನಪಿರಲಿಲ್ಲ! ಸಂಗತಿಗಳ ನೆನಪು ಬೇರೆ, ಕೈಗೆ ಬಂದ ಕೌಶಲದ ನೆನಪು ಬೇರೆ ಎಂಬುದು ಹೀಗೆ ಗೊತ್ತಾಯಿತು. ಸೈಕಲ್ ಸವಾರಿಯನ್ನು ನೀವು ಮರೆಯುವುದಿಲ್ಲ, ಕಲಿತ ದಿನ ಯಾವುದೆಂಬುದನ್ನು ಮರೆತಿರುತ್ತೀರಿ ಅಲ್ಲವೇ? ಅವರು 2008ರಲ್ಲಿ ತೀರಿಕೊಳ್ಳುವವರೆಗೂ ಗ್ರಂಥಗಳಲ್ಲಿ ಅವರ ಹೆಸರಿನ ಮೊದಲ ಅಕ್ಷರಗಳು ಮಾತ್ರ ಇರುತ್ತಿದ್ದವು. ಒಬ್ಬರಿಂದ ತಿಳಿದದ್ದು ಎಲ್ಲರಿಗೂ ಅನ್ವಯಿಸುತ್ತದೆಯೇ ಎಂಬ ಅನುಮಾನ ಮಾತ್ರ ಈ ವಿಧಾನಕ್ಕೆ ಅಂಟಿಕೊಂಡೇ ಇರುತ್ತದೆ.

ಮೂರನೆಯದು ಸಮೀಕ್ಷೆ, ಅಂದರೆ ಬಹುಮಂದಿಯನ್ನು ಪ್ರಶ್ನೆ ಕೇಳುವುದು. ಪ್ರಶ್ನೆ ಕೇಳುವುದು ಸುಲಭ ಎನಿಸುತ್ತದೆ. ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಕೇಳಿ, ಆಮೇಲೆ ಹೇಳಿ. 45 ವಿದ್ಯಾರ್ಥಿಗಳಿಗೆ ವಾಹನ ಅಪಘಾತಗಳ ಚಲನಚಿತ್ರ ತೋರಿಸಿದರು. ಕೆಲವರನ್ನು, ಕಾರುಗಳು ಒಂದಕ್ಕೊಂದು ಅಪ್ಪಳಿಸಿದಾಗ ಎಷ್ಟು ವೇಗದಲ್ಲಿದ್ದವು ಎಂದು ಕೇಳಿದರು. ಇನ್ನು ಕೆಲವರನ್ನು, ಕಾರುಗಳು ಒಂದಕ್ಕೊಂದು ತಗುಲಿದಾಗ ಎಷ್ಟು ವೇಗದಲ್ಲಿದ್ದವು ಎಂದು ಕೇಳಿದರು. 'ಅಪ್ಪಳಿಸಿದಾಗ' ಎಂದು ಕೇಳಿಸಿಕೊಂಡವರ ಸರಾಸರಿ ಅಂದಾಜು ಗಂಟೆಗೆ 40 ಮೈಲಿಗಿಂತ ಸ್ವಲ್ಪ ಹೆಚ್ಚು, 'ತಗುಲಿದಾಗ' ಎಂದು ಕೇಳಿಸಿಕೊಂಡವರದು 31.8 ಮೈಲಿ. ನೋಡಿದ ಚಿತ್ರಗಳು ಒಂದೇ! ಇನ್ನೊಂದು ಪ್ರಯೋಗದಲ್ಲಿ ವಾರದ ನಂತರ, ಒಡೆದ ಗಾಜನ್ನು ನೋಡಿದಿರಾ ಎಂದು ಕೇಳಿದರು. 'ಅಪ್ಪಳಿಸಿದಾಗ' ಎಂಬ ಗುಂಪಿನ 50 ಮಂದಿಯಲ್ಲಿ 16 ಮಂದಿ ಹೌದೆಂದರು. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ. ನೋಡಿದ್ದನ್ನೇ ಹೇಳುತ್ತೇನೆ ಎಂದು ಪ್ರಮಾಣ ಮಾಡುವ ಪ್ರಾಮಾಣಿಕ ಸಾಕ್ಷಿಯ ನೆನಪನ್ನೂ ಒಂದು ಕ್ರಿಯಾಪದ ಅಲುಗಿಸಬಲ್ಲದು. ನ್ಯಾಯಾಲಯಗಳಿಗೂ ಪೊಲೀಸ್ ತನಿಖೆಗೂ ಇದರಿಂದ ಎಷ್ಟು ದೊಡ್ಡ ಎಚ್ಚರಿಕೆ ಇದೆ ಎಂದು ನೀವೇ ಊಹಿಸಿ.

ನಾಲ್ಕನೆಯದು ಸಹಸಂಬಂಧದ ಅಧ್ಯಯನ. ಎರಡು ಸಂಗತಿಗಳು ಒಟ್ಟಿಗೆ ಏರುತ್ತವೆಯೇ, ಒಂದು ಏರಿದಾಗ ಇನ್ನೊಂದು ಇಳಿಯುತ್ತದೆಯೇ ಎಂದು ಲೆಕ್ಕ ಹಾಕುವುದು. ಇಲ್ಲಿ ಒಂದು ಹಳ್ಳವಿದೆ, ಜೋಪಾನವಾಗಿ ದಾಟಬೇಕು. ಮಾವಿನಹಣ್ಣು ಹೆಚ್ಚು ಮಾರಾಟವಾಗುವ ತಿಂಗಳುಗಳಲ್ಲೇ ವಿದ್ಯುತ್ ಫ್ಯಾನುಗಳೂ ಹೆಚ್ಚು ಮಾರಾಟವಾಗುತ್ತವೆ. ಮಾವಿನಹಣ್ಣು ತಿಂದವರಿಗೆ ಸೆಕೆ ಹತ್ತಿತೆಂದು ಯಾರಾದರೂ ಹೇಳುವರೇ? ಎರಡಕ್ಕೂ ಕಾರಣ ಬೇಸಿಗೆ. ಮನೆಪಾಠಕ್ಕೆ ಹೋಗುವವರಿಗೆ ಅಂಕ ಹೆಚ್ಚು ಬಂದಿದ್ದರೆ, ಅದು ಪಾಠದ ಫಲವೇ, ಮನೆಯ ಅನುಕೂಲದ ಫಲವೇ, ಓದುವ ಹಂಬಲ ಇದ್ದವರೇ ಅಲ್ಲಿಗೆ ಹೋದದ್ದರ ಫಲವೇ ಎಂದು ಇದರಿಂದ ತಿಳಿಯದು. ಪತ್ರಿಕೆಯಲ್ಲಿ 'ಇಂಥದ್ದು ಮಾಡುವವರು ಜಾಣರು' ಎಂಬ ಸುದ್ದಿ ಓದಿದಾಗಲೆಲ್ಲ ಮಾವಿನಹಣ್ಣನ್ನು ನೆನಪಿಸಿಕೊಳ್ಳಿ.

ಕಾರಣವನ್ನು ಹಿಡಿಯಲು ಬೇಕಾದದ್ದು ಐದನೆಯದಾದ ಪ್ರಯೋಗ ವಿಧಾನ. ಸಂಶೋಧಕ ತಾನೇ ಒಂದು ಸಂಗತಿಯನ್ನು ಬದಲಾಯಿಸುತ್ತಾನೆ. ಇದು ಸ್ವತಂತ್ರ ಚರ. ಅದರಿಂದ ಏನಾಯಿತು ಎಂದು ಅಳೆಯುತ್ತಾನೆ. ಇದು ಅವಲಂಬಿತ ಚರ. ಉಳಿದ ಎಲ್ಲವನ್ನೂ ಸಮನಾಗಿ ಇಡುತ್ತಾನೆ. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾನೆ. ಚೀಟಿ ಎತ್ತುವುದು ಬಹಳ ಮುಖ್ಯ. ಹಾಗೆ ಮಾಡಿದಾಗ ಜಾಣರು, ಸೋಮಾರಿಗಳು, ಅನುಕೂಲಸ್ಥರು, ಬಡವರು ಎಲ್ಲರೂ ಎರಡೂ ಕಡೆ ಹೆಚ್ಚು ಕಡಿಮೆ ಸಮನಾಗಿ ಹಂಚಿಹೋಗುತ್ತಾರೆ.

ಈಗ ಓದಿನ ಪ್ರಶ್ನೆಗೆ ಬರೋಣ. ನೆನಪನ್ನು ಮೊದಲು ಅಳೆದವನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. ಹಳೆಯ ಪರಿಚಯ ಅಡ್ಡಬರದಿರಲೆಂದು ಅವನು ಅರ್ಥವಿಲ್ಲದ ಸುಮಾರು 2300 ಉಚ್ಚಾರಗಳನ್ನು ಕಟ್ಟಿಕೊಂಡ. ಅವುಗಳ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿ, ಕೆಲಕಾಲ ಬಿಟ್ಟು ಮತ್ತೆ ಕಲಿಯಲು ಎಷ್ಟು ಕಾಲ ಉಳಿತಾಯವಾಗುತ್ತದೆ ಎಂದು ಅಳೆದ. 20 ನಿಮಿಷದ ನಂತರ ಉಳಿತಾಯ ಶೇಕಡ 58. ಒಂದು ದಿನದ ನಂತರ ಶೇಕಡ 34. ಆದರೆ 31 ದಿನಗಳ ನಂತರವೂ ಶೇಕಡ 21! ಮರೆವು ಮೊದಲು ಧುಮುಕುತ್ತದೆ, ಆಮೇಲೆ ನಿಧಾನವಾಗುತ್ತದೆ. 1885ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಇದ್ದದ್ದು ಒಬ್ಬನೇ ವ್ಯಕ್ತಿ. ಆದರೂ 2015ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಇಬ್ಬರು ಸಂಶೋಧಕರು ಅದನ್ನು ಮತ್ತೆ ಮಾಡಿ ನೋಡಿದಾಗ ಬಹುಮಟ್ಟಿಗೆ ಅದೇ ವಕ್ರರೇಖೆ ಸಿಕ್ಕಿತು.

ಇನ್ನು 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗವನ್ನು ನೋಡಿ. ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಕೊಟ್ಟು, ನಾಲ್ಕು ಅವಧಿಗಳನ್ನು ಕೊಟ್ಟರು. ಒಂದು ಗುಂಪಿನವರು ನಾಲ್ಕು ಅವಧಿಯಲ್ಲೂ ಓದಿದರು. ಇನ್ನೊಂದು ಗುಂಪಿನವರು ಮೊದಲ ಅವಧಿಯಲ್ಲಿ ಮಾತ್ರ ಓದಿ, ಉಳಿದ ಮೂರು ಅವಧಿಯಲ್ಲಿ ಗದ್ಯವನ್ನು ನೋಡದೆ ನೆನಪಿದ್ದಷ್ಟನ್ನು ಹಾಳೆಯ ಮೇಲೆ ಬರೆದರು. ಮೊದಲನೆಯ ಗುಂಪು ಸರಾಸರಿ 14 ಸಲ ಓದಿತ್ತು. ಎರಡನೆಯದು 3 ಸಲಕ್ಕಿಂತ ಸ್ವಲ್ಪ ಹೆಚ್ಚು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಓದಿದವರೇ ಮುಂದಿದ್ದರು: ಶೇಕಡ 83, ಬರೆದವರು ಶೇಕಡ 71. ಆದರೆ ಒಂದು ವಾರದ ನಂತರ ಪರೀಕ್ಷೆಗೆ ಕೂತವರಲ್ಲಿ ಲೆಕ್ಕ ತಿರುವುಮುರುವಾಗಿತ್ತು. ಬರಿದೇ ಓದಿದವರಿಗೆ ನೆನಪಿದ್ದದ್ದು ಶೇಕಡ 40; ನೋಡದೆ ಬರೆದವರಿಗೆ ಶೇಕಡ 61.

ಇನ್ನೂ ಒಂದು ಸ್ವಾರಸ್ಯ ಕೇಳಿ. ವಾರದ ನಂತರ ಎಷ್ಟು ನೆನಪಿರಬಹುದು ಎಂದು ವಿದ್ಯಾರ್ಥಿಗಳನ್ನು ಮೊದಲೇ ಕೇಳಲಾಗಿತ್ತು. ಹೆಚ್ಚು ಭರವಸೆ ಇದ್ದದ್ದು ಬರಿದೇ ಓದಿದ ಗುಂಪಿಗೆ! ಓದು ಸಲೀಸಾದದ್ದನ್ನೇ ಅವರ ಮನಸ್ಸು ಕಲಿಕೆ ಎಂದು ಎಣಿಸಿತ್ತು. ನೋಡದೆ ಬರೆಯುವಾಗ ತಡವರಿಸುತ್ತೇವೆ, ಬೇಸರವಾಗುತ್ತದೆ, ಏನೂ ಬಂದಿಲ್ಲ ಎನಿಸುತ್ತದೆ. ನೆನಪು ಗಟ್ಟಿಯಾಗುವುದು ಆ ತಡವರಿಕೆಯಲ್ಲೇ. ಮನಸ್ಸಿನ ಮಾತಿಗೂ ಅಳತೆಯ ಮಾತಿಗೂ ಇರುವ ಅಂತರ ಇಲ್ಲಿ ಕಣ್ಣಿಗೆ ಕಟ್ಟುವಂತಿದೆ. ಪುಸ್ತಕ ಮುಚ್ಚಿ ಹಾಳೆ ತೆರೆಯಿರಿ; ಬರೆದಾದ ಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ತುಂಬಿಕೊಳ್ಳಿ; ಎರಡು ದಿನ ಬಿಟ್ಟು ಮತ್ತೆ ಹಾಗೆಯೇ ಮಾಡಿ. ಇದಕ್ಕೆ ಖರ್ಚಿಲ್ಲ, ಮನೆಪಾಠ ಬೇಕಿಲ್ಲ. ಹಳ್ಳಿಯ ಶಾಲೆಯ ಮಗುವಿಗೂ ನಗರದ ಕಾಲೇಜಿನ ವಿದ್ಯಾರ್ಥಿಗೂ ಇದು ಸಮನಾಗಿ ಸಿಕ್ಕುವ ಸಾಧನ.

ಮಿತ್ರರೇ, ಪ್ರಯೋಗ ಮಾಡಿದೊಡನೆ ಎಲ್ಲ ಮುಗಿಯುವುದಿಲ್ಲ. ಇತರರು ಅದನ್ನು ಮತ್ತೆ ಮಾಡಿದಾಗಲೂ ಅದೇ ಫಲ ಬರಬೇಕು. 2015ರಲ್ಲಿ ಬಹುಸಂಖ್ಯೆಯ ಸಂಶೋಧಕರು ಒಟ್ಟುಗೂಡಿ, ಪ್ರತಿಷ್ಠಿತ ಪತ್ರಿಕೆಗಳಲ್ಲಿ ಬಂದಿದ್ದ 100 ಅಧ್ಯಯನಗಳನ್ನು ಮರುಪರೀಕ್ಷೆ ಮಾಡಿದರು. ಮೊದಲಿನಂತೆ ಸ್ಪಷ್ಟ ಫಲಿತಾಂಶ ಬಂದದ್ದು ಶೇಕಡ 36ರಷ್ಟರಲ್ಲಿ ಮಾತ್ರ. ಇದನ್ನು ಕೇಳಿ ಮನಶ್ಶಾಸ್ತ್ರವೇ ಸುಳ್ಳು ಎಂದು ಕೆಲವರು ಹೇಳುತ್ತಾರೆ. ಆದರೆ ತನ್ನ ಲೆಕ್ಕವನ್ನು ತಾನೇ ತಪಾಸಣೆ ಮಾಡಿ ತಪ್ಪನ್ನು ಪ್ರಕಟಿಸಿದ್ದು ಆ ಶಾಸ್ತ್ರವೇ. ಅಲ್ಲಿಂದೀಚೆಗೆ, ಪ್ರಯೋಗಕ್ಕೆ ಮುನ್ನವೇ ತಮ್ಮ ಊಹೆ, ವಿಧಾನಗಳನ್ನು ಬರೆದು ದಾಖಲಿಸುವ ಪದ್ಧತಿ ಹೆಚ್ಚಾಗಿದೆ.

ಯಾರನ್ನು ಪರೀಕ್ಷಿಸಿದರು ಎಂಬುದನ್ನೂ ಕೇಳಬೇಕು. ಬಹುಪಾಲು ಪ್ರಯೋಗಗಳು ಪಾಶ್ಚಾತ್ಯ ದೇಶಗಳ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದವು ಎಂದು 2010ರಲ್ಲಿ ಕೆನಡಾದ ಮೂವರು ವಿದ್ವಾಂಸರು ಎಚ್ಚರಿಸಿದರು. ಈ ಅನುಮಾನ ಹಳೆಯದೇ. ಒಂದೇ ಉದ್ದದ ಎರಡು ಗೆರೆಗಳ ತುದಿಗೆ ಬಾಣದ ಗುರುತು ಹಾಕಿದರೆ ಒಂದು ಉದ್ದ, ಒಂದು ಗಿಡ್ಡ ಕಾಣುವ ಚಿತ್ರ ನೀವು ನೋಡಿರಬಹುದು. ಇಂಗ್ಲೆಂಡಿನ ರಿವರ್ಸ್ ಎಂಬ ವಿದ್ವಾಂಸ ನಮ್ಮ ಗಡಿಯ ಪಕ್ಕದ ನೀಲಗಿರಿಯಲ್ಲಿ ತೋಡ ಜನರಿಗೆ ಇಂಥ ಪರೀಕ್ಷೆ ಮಾಡಿ 1905ರಲ್ಲಿ ವರದಿ ಪ್ರಕಟಿಸಿದ. ಇಂಗ್ಲಿಷರಷ್ಟು ಅವರು ಈ ಗೆರೆಗಳಿಂದ ಮೋಸ ಹೋಗಲಿಲ್ಲ. ಒಂದೂರಿನ ಮನಸ್ಸಿನ ಅಳತೆಯನ್ನು ಲೋಕದ ಮನಸ್ಸಿನ ಅಳತೆ ಎನ್ನಲಾಗದು.

ಕೊನೆಯದಾಗಿ, ಕಲ್ಲಿನ ಮೇಲೆ ಪ್ರಯೋಗ ಮಾಡುವುದಕ್ಕೂ ಮನುಷ್ಯರ ಮೇಲೆ ಮಾಡುವುದಕ್ಕೂ ವ್ಯತ್ಯಾಸವಿದೆ. 1920ರಲ್ಲಿ ಪ್ರಕಟವಾದ ವಾಟ್ಸನ್ ಮತ್ತು ರೇನರ್ ಅವರ ಪ್ರಯೋಗದಲ್ಲಿ, ಆಲ್ಬರ್ಟ್ ಎಂದು ಕರೆದ ಸುಮಾರು 11 ತಿಂಗಳ ಕೂಸು ಬಿಳಿ ಇಲಿಯನ್ನು ಮುಟ್ಟಿದಾಗಲೆಲ್ಲ ಹಿಂದಿನಿಂದ ಕಬ್ಬಿಣದ ಸರಳು ಬಡಿದು ಸದ್ದು ಮಾಡಿದರು. ಕೂಸು ಇಲಿಗೂ ಮೊಲಕ್ಕೂ ಹೆದರಲು ಕಲಿಯಿತು. ಆ ಭಯವನ್ನು ಹೋಗಲಾಡಿಸುವ ಮೊದಲೇ ಅದನ್ನು ಕಳುಹಿಸಿಕೊಟ್ಟರು. ಇಂದು ಇಂಥ ಪ್ರಯೋಗಕ್ಕೆ ಅನುಮತಿ ಸಿಗದು. ಭಾಗವಹಿಸುವವರ ಒಪ್ಪಿಗೆ ಬೇಕು, ನಡುವೆ ಬಿಟ್ಟು ಹೋಗುವ ಹಕ್ಕು ಬೇಕು, ಗುಟ್ಟು ಕಾಪಾಡಬೇಕು, ಕೇಡಾಗದಂತೆ ನೋಡಿಕೊಳ್ಳಬೇಕು. ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಹೊರತಂದ ನೀತಿ ಸೂತ್ರಗಳು ಇವನ್ನೆಲ್ಲ ವಿಧಿಸುತ್ತವೆ.

ಈ ಶಾಸ್ತ್ರ ನಮ್ಮ ನಾಡಿಗೆ ಹೊಸದಲ್ಲ. 1924ರಲ್ಲೇ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದ ಪ್ರೊ. ಎಂ. ವಿ. ಗೋಪಾಲಸ್ವಾಮಿ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಪ್ರಸಾರ ಆರಂಭಿಸಿ, 'ಆಕಾಶವಾಣಿ' ಎಂಬ ಹೆಸರನ್ನು ಬಳಕೆಗೆ ತಂದವರೂ ಅವರೇ. ಬೆಂಗಳೂರಿನಲ್ಲಿ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆ ಮಾನಸಿಕ ಆರೋಗ್ಯದ ಕ್ಷೇತ್ರದಲ್ಲಿ ದೇಶಕ್ಕೇ ದೊಡ್ಡ ಕೇಂದ್ರ.

ನೀವೂ ಒಂದು ಚಿಕ್ಕ ಪ್ರಯೋಗ ಮಾಡಬಹುದು. ನಿಮ್ಮ ಉಪಾಧ್ಯಾಯರ ಅನುಮತಿಯನ್ನೂ ಗೆಳೆಯರ ಒಪ್ಪಿಗೆಯನ್ನೂ ಪಡೆಯಿರಿ. ಯಾರೂ ಓದಿರದ ಒಂದು ಪುಟದ ಪಾಠ ಆರಿಸಿ. ಚೀಟಿ ಎತ್ತಿ ಎರಡು ಗುಂಪು ಮಾಡಿ. ಒಂದು ಗುಂಪು ಇಪ್ಪತ್ತು ನಿಮಿಷ ಓದಲಿ. ಇನ್ನೊಂದು ಗುಂಪು ಐದು ನಿಮಿಷ ಓದಿ, ಉಳಿದ ಹದಿನೈದು ನಿಮಿಷ ನೋಡದೆ ಬರೆಯಲಿ. ವಾರದ ನಂತರ ಎರಡೂ ಗುಂಪಿಗೆ ಒಂದೇ ಹತ್ತು ಪ್ರಶ್ನೆ ಕೊಡಿ. ಉತ್ತರಪತ್ರಿಕೆಯಲ್ಲಿ ಹೆಸರಿನ ಬದಲು ಸಂಖ್ಯೆ ಇರಲಿ; ಅಂಕ ಹಾಕುವವರಿಗೆ ಯಾವುದು ಯಾವ ಗುಂಪಿನದೆಂದು ತಿಳಿಯದಿರಲಿ. ಕೆಲವೇ ಮಂದಿ ಇದ್ದರೆ ಫಲಿತಾಂಶ ಅತ್ತಿತ್ತ ತೂಗಬಹುದು; ಪಕ್ಕದ ತರಗತಿಯಲ್ಲಿ ಮತ್ತೆ ಮಾಡಿ ನೋಡಿ. ಬಂದದ್ದನ್ನು ಬಂದಹಾಗೆಯೇ ಬರೆದಿಡಿ. ನೀವು ಬಯಸಿದ ಫಲಿತಾಂಶ ಬಾರದಿದ್ದರೂ ಅದನ್ನು ತಿದ್ದಬೇಡಿ.

ಮನಸ್ಸಿನ ಬಗ್ಗೆ ಮಾತನಾಡುವವರು ಲೋಕದಲ್ಲಿ ಬಹಳ. ನೆನಪಿನ ಶಕ್ತಿ ಇಮ್ಮಡಿಸುವ ಗುಳಿಗೆ ಮಾರುವವರಿದ್ದಾರೆ, ಹುಟ್ಟಿದ ದಿನ ಕೇಳಿ ಸ್ವಭಾವ ಹೇಳುವವರಿದ್ದಾರೆ. ಅವರೊಡನೆ ಜಗಳ ಬೇಡ. ಯಾರನ್ನು ಪರೀಕ್ಷಿಸಿದಿರಿ, ಯಾವುದರೊಡನೆ ಹೋಲಿಸಿದಿರಿ, ಅಳೆದವರು ಯಾರು, ಬೇರೆಯವರು ಮಾಡಿದಾಗಲೂ ಹಾಗೆಯೇ ಬಂತೇ ಎಂದು ಈ ನಾಲ್ಕು ಪ್ರಶ್ನೆಗಳನ್ನು ವಿನಯದಿಂದ ಕೇಳಿ. ಇದೇ ಪ್ರಶ್ನೆಗಳನ್ನು ನಮ್ಮಂಥ ಉಪನ್ಯಾಸಕರಿಗೂ ಕೇಳುವ ಹಕ್ಕು ನಿಮಗಿದೆ.